ವನಮಾಲಾಳ ಎರಡನೆಯ ಮಾನಿಟರ್

ಇದನ್ನು ಹೇಳಲು ನಾನು ತಕ್ಕವನಲ್ಲ. ಹಿರಿಯಣ್ಣನ ಬಾಯಿಂದ ಕೇಳಿದ್ದನ್ನು ಬರೆಯುತ್ತಿದ್ದೇನೆ; ತಪ್ಪಿದ್ದರೆ ಓದುವವರು ಮನ್ನಿಸಬೇಕು.

೧೯೯೩ರ ದಸರೆ ಮುಗಿದ ಸೋಮವಾರ. ಮುಂಬಯಿಯ ಆಂಟಾಪ್ ಹಿಲ್‌ನ ತನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ವನಮಾಲಾ ಯಂತ್ರ ಚಾಲೂ ಮಾಡಿದರೆ ಎರಡನೆಯ ಮಾನಿಟರಿನಲ್ಲಿ ಬರೀ ಕತ್ತಲೆ. ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿ, ಒಂದು ಪರದೆಯಲ್ಲಿ ತನ್ನ ಟಿಪ್ಪಣಿ, ಇನ್ನೊಂದರಲ್ಲಿ ನೋಡುವವರಿಗೆ ಚಿತ್ರ ಬರುವಂತೆ ಮಾಡಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು. ಸಂಜೆ ಬಾಂದ್ರಾದ ಒಂದು ಆಫೀಸಿನವರು ಇದನ್ನು ನೋಡಲು ಬರುವವರಿದ್ದರು. ಹಿಂದೆ ನೋಡಿದರೆ ಕೇಬಲ್ಲಿನ ಪ್ಲಗ್ ಓರೆಯಾಗಿ ಸಿಕ್ಕಿಕೊಂಡು ಎರಡು ಪಿನ್ನು ಬಾಗಿದ್ದವು.

ಶನಿವಾರ ವನಮಾಲಾ ಊರಲ್ಲಿರಲಿಲ್ಲ. ಆಯುಧಪೂಜೆ ಮಾಡಿದ್ದು ಅವಳ ತಾಯಿ ಸುಮಿತ್ರಮ್ಮ. ಆಮೇಲೆ ಗುಡಿಸಿ ಬೀಗ ಹಾಕಿದ್ದು ಕೆಲಸದ ದೇವಕ್ಕ.

ಇದು ಗುಡಿಸುವಾಗ ಆದದ್ದೆಂದು ಎಣಿಸಿದ ವನಮಾಲಾ ಹೇಳಿದಳು: "ನಾಳೆಯಿಂದ ಬರಬೇಡ ದೇವಕ್ಕ."

"ಮೇಜಿಗಿ ಕೈ ಹಚ್ಚಬ್ಯಾಡ ಅಂತ ನೀವ ಹೇಳೀರಿ ಬಾಯಾರ. ನೆಲಾ ಹೊಡದೆ, ಬೀಗಾ ಹಾಕಿದೆ. ಇನ್ನೇನ್ ಹೇಳ್ಲಿರಿ?"

ಈ ಕೆಲಸದಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು. ಕ್ಲಾಸಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನಿವೃತ್ತ ಗುಮಾಸ್ತ ಹಿರಿಯಣ್ಣ ಅಲ್ಲೇ ಇದ್ದ. ಅವನು ಮೇಲಿನ ಮಹಡಿಗೆ ಓಡಿ ವೆಂಕಟಸುಬ್ಬಯ್ಯನವರನ್ನು ಕರೆತಂದ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಅವರ ಬಾಗಿಲನ್ನೇ ಬಿಲ್ಡಿಂಗಿನಲ್ಲಿ ಏನು ಕಳೆದರೂ ಎಲ್ಲರೂ ತಟ್ಟುವುದು.

"ಅಕ್ಷತೆ ಎಲ್ಲಿ ಬಿದ್ದಿದೆ ನೋಡಯ್ಯ," ಎಂದರು ಅವರು ಹಿರಿಯಣ್ಣನಿಗೆ.

"ಮೇಜಿನ ಪೂರ್ವದ ಅಂಚಿನಲ್ಲಿ ಸಾರ್. ದಕ್ಷಿಣಕ್ಕೆ, ಕುರ್ಚಿಗಳ ಕಡೆ, ಒಂದು ಕಾಳೂ ಇಲ್ಲ."

"ಮಾನಿಟರಿನ ಮುಖ?"

"ಕುರ್ಚಿಗಳ ಕಡೆಗೆ. ಹಣೆಗೆ ಕುಂಕುಮವಿದೆ."

"ಮೂವತ್ತು ವರ್ಷ ಫೈಲು ನೋಡಿದ ನಿನ್ನ ಕಣ್ಣಿಗೆ ಅಷ್ಟೇ ಕಂಡಿತೇ? ಸುಮಿತ್ರಮ್ಮನವರನ್ನೂ ಕರಿ."

ಎಲ್ಲರೂ ಕೂತ ಮೇಲೆ ಅವರು ಮೆಲ್ಲಗೆ ಹೇಳಿದರು: "ದೇವಕ್ಕ ಮೇಜು ಮುಟ್ಟಿದ್ದರೆ ಈ ಅಕ್ಷತೆ ಉಳಿಯುತ್ತಿರಲಿಲ್ಲ, ಒರೆಸಿಬಿಡುತ್ತಿದ್ದಳು. ಪೊರಕೆ ತಗುಲಿದ್ದರೆ ಪ್ಲಗ್ ಜೋತಾಡುತ್ತಿತ್ತು. ಇದನ್ನು ಯಾರೋ ತಿರುಗಾಮುರುಗಾ ಹಿಡಿದು ಒತ್ತಿದ್ದಾರೆ. ಅಕ್ಷತೆ ಬಿದ್ದಿರುವುದು ಪೂರ್ವಕ್ಕೆ. ಅಂದರೆ ಪೂಜೆಯ ಹೊತ್ತಿನಲ್ಲಿ ಮಾನಿಟರ್ ಪೂರ್ವಕ್ಕೆ ನೋಡುತ್ತಿತ್ತು. ತಿರುಗಿಸಿದಾಗ ಮೋಟು ಕೇಬಲ್ ಕಿತ್ತು ಬಂತು. ಪೂಜೆ ಮುಗಿದ ಮೇಲೆ ಮತ್ತೆ ಕುರ್ಚಿಗಳ ಕಡೆ ತಿರುಗಿಸಿಟ್ಟು ಪ್ಲಗ್ ಒತ್ತಿದ್ದಾರೆ. ದಕ್ಷಿಣಕ್ಕೆ ಮುಖ ಮಾಡಿದ್ದನ್ನು ಪೂಜಿಸಲು ಯಾರ ಮನಸ್ಸು ಒಪ್ಪದು ತಾಯಿ?"

ಸುಮಿತ್ರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. "ಯಮನ ದಿಕ್ಕು ಕಣೇ ವನಮಾಲಾ. ನಿನ್ನ ಕೆಲಸ ಅದನ್ನೇ ನೋಡ್ತಾ ಇದ್ರೆ ನನಗೆ ಹೇಗಾಗಬೇಡ? ವೈರು ಬಂದುಬಿಡ್ತು, ಸಿಕ್ಕಿಸಿದೆ. ಸರಿಯಾಯ್ತು ಅಂದ್ಕೊಂಡೆ. ಇವಳ ಮೇಲೆ ಬಂತು ಅಂತ ಈಗಲೇ ಗೊತ್ತಾಗಿದ್ದು."

ವನಮಾಲಾ ಎದ್ದು ಹೋಗಿ ದೇವಕ್ಕನ ಒರಟು ಕೈ ಹಿಡಿದುಕೊಂಡಳು.

"ನನ್ನ ತಪ್ಪು ದೇವಕ್ಕ. ನಾಳೆ ಬಾ."

"ನಾಳಿ ಯಾಕ್ರಿ? ಸಂಜಿಕ ಮಂದಿ ಬರ್ತಾರ, ಚಾದ ಕಪ್ಪು ಯಾರ್ ತೊಳೀಬೇಕು?"

ವೆಂಕಟಸುಬ್ಬಯ್ಯನವರು ಚಿಮುಟದಿಂದ ಪಿನ್ನು ನೆಟ್ಟಗೆ ಮಾಡಿದರು. ಪರದೆ ಬೆಳಗಿತು.

ಸುಮಿತ್ರಮ್ಮ ಮಾನಿಟರ್ ತಿರುಗಿಸಿದ್ದನ್ನು ದೇವಕ್ಕ ಅಂದೇ ಬಾಗಿಲಲ್ಲಿ ನಿಂತು ಕಂಡಿದ್ದಳೇ, ಕಂಡೂ ಆ ಮುದುಕಿಗಾಗಿ ಬಾಯಿ ಬಿಡಲಿಲ್ಲವೇ? ಹಿರಿಯಣ್ಣ ಎರಡು ಸಲ ಕೇಳಿದ. ಅವಳು ನಕ್ಕಳೇ ಹೊರತು ಹೇಳಲಿಲ್ಲ. ಅದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.