ಗವಿಯೊಳಗಿನ ಬಿಳಿ ಎಳೆಗಳು

ಕತ್ತಲಾಗುವುದರೊಳಗೆ ಆದಿವಾಲದ ಗುಡ್ಡದ ಗವಿಯನ್ನು ಪರೀಕ್ಷಿಸಿ ಬರಬೇಕಿತ್ತು. ಯಾರೋ ಯಂತ್ರ ಹಿಡಿದು ಬಂದು, ಆ ಕಲ್ಲಿನಲ್ಲಿ ವಿಕಿರಣವಿದೆ ಎಂದು ಹೇಳಿಹೋದಾಗಿನಿಂದ ಈರಕ್ಕ ಕುರಿಮರಿಗಳನ್ನು ಅಲ್ಲಿ ಕೂಡಿಹಾಕುವುದನ್ನೇ ಬಿಟ್ಟಿದ್ದಳು. ಬಯಲಲ್ಲಿದ್ದ ಮರಿಗಳಲ್ಲಿ ಎರಡನ್ನು ಚಿರತೆ ಹೊತ್ತೊಯ್ದಿತ್ತು.

"ಗವಿನಾಗೂ ನನ್ ಮನೆನಾಗೂ ಒಂದೇ ಅಂತ ಕಣ್ಣಿಗೆ ತೋರ್ಸ್ರಿ, ಕೂಡ್ತೀನಿ" ಎಂದಿದ್ದಳು.

ಹಿರಿಯೂರಿನ ವಿಜ್ಞಾನದ ಟೀಚರ್ ಅಂಜಲಿ ವಿಕಿರಣ ಹಾದುಹೋದ ಜಾಡನ್ನು ಬಿಳಿ ಎಳೆಯಾಗಿ ತೋರಿಸುವ ಗಾಜಿನ ಪೆಟ್ಟಿಗೆ, ಅದಕ್ಕೆ ಬೇಕಾದ ಸ್ಪಿರಿಟ್, ಥರ್ಮೋಕೋಲ್ ಡಬ್ಬಿಯಲ್ಲಿ ಒಣಮಂಜುಗಡ್ಡೆ (ಡ್ರೈ ಐಸ್) ತಂದಿದ್ದಳು. ದಾರಿ ತೋರಿಸಲು ಈರಕ್ಕನ ಮೈದುನ ಕರಿಸಿದ್ದಪ್ಪ ಕುಡಿಯುವ ನೀರಿನ ಬಿಂದಿಗೆ ಹೊತ್ತು ಮುಂದೆ ನಡೆದ. ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ, ಸಂದಿನಲ್ಲೆಲ್ಲ ಕಾರೆಮುಳ್ಳು. ದೂರದಲ್ಲಿ ಮಾರಿಕಣಿವೆ ಜಲಾಶಯದ ನೀರಿನ ಮೇಲೆ ಮಳೆಮೋಡ ಇಳಿದಿತ್ತು.

ಗವಿಯಲ್ಲಿ ಪೆಟ್ಟಿಗೆ ಇಟ್ಟರು. ಗಾಜಿನೊಳಗೆ ಮಂಜು ಕವಿಯಿತು. ಟಾರ್ಚ್ ಬೆಳಕಿನಲ್ಲಿ ಬಿಳಿ ಎಳೆಯೊಂದು ಮೂಡಿ ಮಾಯವಾಯಿತು. ಇನ್ನೊಂದು. ಮತ್ತೊಂದು.

"ಇವು ನಮ್ ಮೈಯಾಗೂ ತೂರ್ತವೇನ್ರಿ?"

"ಹೂಂ ಅಣ್ಣ. ಈಗ್ಲೂ."

ಕರಿಸಿದ್ದಪ್ಪ ಕಂಬಳಿ ಬಿಗಿಯಾಗಿ ಹೊದ್ದುಕೊಂಡ. ಪಾಠದಲ್ಲಿ ಎಷ್ಟು ಸಲ ಹೇಳಿದ್ದರೇನು, ಅಂಜಲಿಗೂ ಮೈ ಜುಮ್ಮೆಂದಿತು. ಮೊಬೈಲ್ ಹಿಡಿದು ಎಳೆಗಳ ವಿಡಿಯೊ ಮಾಡಿಕೊಂಡಳು.

ಗವಿಯ ಬಾಯಿ ಕತ್ತಲಾಯಿತು.

"ಕರಡಿ! ಅಲ್ಲಾಡಬ್ಯಾಡ್ರಿ."

ಕರಡಿ ಮೂಸುತ್ತಾ ಒಳಗೆ ಬಂತು. ಹಿಂದೆ ಬರೀ ಗೋಡೆ.

ಒಣಮಂಜುಗಡ್ಡೆಯನ್ನು ನೀರಿಗೆ ಹಾಕಿದರೆ ದಟ್ಟ ಹೊಗೆ ಏಳುತ್ತದೆ. ಎಲ್ಲವನ್ನೂ ಹಾಕಿದರೆ ಈರಕ್ಕನ ಮನೆಯಲ್ಲಿ ತೋರಿಸಲು ಏನೂ ಉಳಿಯದು. ಹಾಕದಿದ್ದರೆ ತಾವೇ ಉಳಿಯುವುದಿಲ್ಲ.

"ಅಣ್ಣ, ಬಿಂದಿಗೆ ಮುಂದಕ್ಕೆ ತಳ್ಳು!"

ಕೈಗವಸು ತೊಟ್ಟ ಕೈಯಿಂದ ಮುಕ್ಕಾಲು ಪಾಲು ಎತ್ತಿ ಹಾಕಿದಳು. ಬಿಂದಿಗೆ ಕೊತಕೊತನೆ ಕುದಿಯಿತು. ಬಿಳಿ ಹೊಗೆ ನೆಲದ ಮೇಲೆ ಉರುಳಿ ಕರಡಿಯ ಮೂತಿಗೆ ತಾಗಿತು. ಅದು ಗುರ್ರೆಂದು ಹಿಂದೆ ಸರಿದು ಪೊದೆಗೆ ನುಗ್ಗಿತು.

"ಓಡಣ್ಣ, ಈ ಹೊಗೇಲಿ ಉಸಿರು ಕಟ್ಟುತ್ತೆ!"

ಮಂಡಿ ತರಚಿ, ಮುಳ್ಳಿಗೆ ಸೀರೆ ಹರಿದು, ಪೆಟ್ಟಿಗೆ ಎದೆಗವಚಿಕೊಂಡು ಇಳಿದಳು.

ಈರಕ್ಕನ ಮನೆ ಮುಟ್ಟಿದಾಗ ಒಂದು ಹಿಡಿ ಮಂಜುಗಡ್ಡೆ ಉಳಿದಿತ್ತು. ಚಪ್ಪಡಿಕಲ್ಲಿನ ಮೇಲೆ ಅವಳ ಮೊಮ್ಮಗು ಮಲಗಿತ್ತು. ಅದರ ಪಕ್ಕದಲ್ಲೇ ಪೆಟ್ಟಿಗೆ ಇಟ್ಟರು. ಬಿಳಿ ಎಳೆ ಮೂಡಿತು. ಇನ್ನೊಂದು.

"ಅಯ್ಯೋ ಶಿವನೇ, ಇಲ್ಲೂ ಅವೆ!" ಈರಕ್ಕ ಮಗುವನ್ನು ಬಾಚಿಕೊಂಡಳು.

"ಎಲ್ಲಾ ಕಡೆನೂ ಅವೆ ಅಕ್ಕ. ಗವಿಯಲ್ಲೂ ಇಷ್ಟೇ, ನೋಡು" ಎಂದು ಅಂಜಲಿ ವಿಡಿಯೊ ಪಕ್ಕದಲ್ಲಿ ಹಿಡಿದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಹೆಂಗಸು ಈರಕ್ಕ. ಅದನ್ನೂ ಇದನ್ನೂ ಮಂಜುಗಡ್ಡೆ ಮುಗಿಯುವವರೆಗೆ ನೋಡಿದಳು. ಆಮೇಲೆ ಮಗುವನ್ನು ಮತ್ತೆ ಅದೇ ಕಲ್ಲಿನ ಮೇಲೆ ಮಲಗಿಸಿದಳು.

"ಕರಡಿ ಬಂದಿತ್ತು ಅತ್ತಿಗೆ" ಎಂದ ಕರಿಸಿದ್ದಪ್ಪ.

"ಕರಡಿಗೆ ಗವಿ ಬಾಯಾಗೆ ಬೆಂಕಿ ಹಾಕಿದ್ರಾತು. ಮುಳ್ಳು ಕಡ್ಕಂಡು ಬಾರಪ್ಪ, ಮಳೆ ಬರೋದ್ರೊಳಗೆ ಮರಿ ಕೂಡಾಣ."