ಗ್ಯಾಲರಿಯಿಂದ ಕೂಗಿದ ಲಿಲಾವು

ಸಾಗುವಾನಿ ಮೆಟ್ಟಿಲಿಗೆ ತೊಂಬತ್ತು ಸಾವಿರ. ಬಿಲಿಯರ್ಡ್ ಮೇಜಿನ ಕಲ್ಲುಹಲಗೆಗೆ ನಲವತ್ತು. ಬಣ್ಣದ ಗಾಜಿನ ಕಿಟಕಿಗೆ ಹನ್ನೆರಡು, ಅದೂ ಒಡೆಯದೆ ಇಳಿದರೆ. ಅಕ್ಕಲಕೋಟದ ಕಾಂತೇಶ ಬೆಲೆ ಕಟ್ಟುತ್ತ ಸೊಲ್ಲಾಪುರದ ಹಳೆಯ ಕ್ಲಬ್ಬಿನಲ್ಲಿ ಓಡಾಡಿದ. ಕೆಡವುವ ಕಟ್ಟಡಗಳ ಸಾಮಾನು ಹರಾಜಿಗಿಟ್ಟು ಲಿಲಾವು ಕೂಗುವುದು ಅವನ ಕಸುಬು. ಇಪ್ಪತ್ತೆರಡು ವರ್ಷ ಕೂಗಿ ದಣಿದಿದ್ದ. ಆದರೆ ಹೊಟ್ಟೆಗೆ ಇದ್ದದ್ದು ಆ ದನಿಯೊಂದೇ.

"ಎಲ್ಲಿ ಬೇಕಾದ್ರೂ ನಿಂತು ಕೂಗ್ರಿ. ಗ್ಯಾಲರಿ ಮ್ಯಾಲ ಬ್ಯಾಡ," ಎಂದ ಮುದಿ ಕಾವಲುಗಾರ ಸಾತಲಿಂಗಪ್ಪ.

"ಯಾಕ ಕಾಕಾ, ಬೀಳತೈತೇನು?"

"ಬಿದ್ದಿದ್ರ ಚಲೋ ಆಗ್ತಿತ್ತು."

ಗಿರಣಿ ಸಾಹೇಬರು ವಿಲಾಯತಿಯ ರಾಜಕೀಯ ಕ್ಲಬ್ಬೊಂದರ ನಕಾಶೆ ತರಿಸಿ ಕಟ್ಟಿಸಿದ್ದು ಆ ಕಟ್ಟಡ. ಕೆಂಪು ಇಟ್ಟಿಗೆ, ಕರಿಕಲ್ಲಿನ ಕಮಾನು, ಈ ಊರಿನಲ್ಲಿ ಎಂದೂ ಬೀಳದ ಹಿಮ ಜಾರಲೆಂದು ಕಡಿದಾದ ಮಾಡು. ಮುಂಬಾಗಿಲ ಮೇಲೆ ಭಾಷಣಕ್ಕೆಂದೇ ಎರಕದ ಕಬ್ಬಿಣದ ಗ್ಯಾಲರಿ. ಅಲ್ಲಿ ನಿಂತು ದೊಡ್ಡ ಸಾಹೇಬ ಗಿರಣಿಯವರಿಗೆ ಮನೆ ಕಟ್ಟಿಸುವ ಮಾತು ಕೊಟ್ಟ. ಕಟ್ಟಿಸಲಿಲ್ಲ. ಗಿರಣಿಯ ಇಕ್ಕಟ್ಟಾದ ಚಾಳಿನಲ್ಲಿ ಗಾರೆ ಕೆಲಸದ ಗವಂಡಿ ಪೀರಪ್ಪನ ಹೆಂಡತಿ ಪ್ಲೇಗಿಗೆ ಸತ್ತಳು. ಪೀರಪ್ಪ ಅವಳ ಕೂದಲು, ಮಸಣದ ಮಣ್ಣು ಗಡಿಗೆಗೆ ತುಂಬಿ, ಮಾಟ ಮಾಡಿ, ಗ್ಯಾಲರಿಯ ಗೋಡೆಯೊಳಗೆ ಗಾರೆ ಹಾಕಿ ಮುಚ್ಚಿದ. ಇಲ್ಲಿಂದ ಕೂಗಿದವನ ದನಿಯೇ ಅವನ ಹೆಂಡತಿಯನ್ನು ಕರೆದೊಯ್ಯಲಿ ಎಂದು. ಮುಂದಿನ ಭಾಷಣದ ದಿನ ಸಾಹೇಬನ ಹೆಂಡತಿ ಮಡ್ಡಮ್ಮ ಅವನ ದನಿ ಕರೆಯಿತೆಂದು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಸಾತಲಿಂಗಪ್ಪ ಹೇಳಿದ ಈ ಕತೆಗೆ ಕಾಂತೇಶ ನಕ್ಕ. "ನಾ ಕರದ್ರ ನನ್ನ ಹೇಂತಿ ಒಮ್ಮ್ಯಾರ ಓ ಅಂದಾಳೇನ್ರಿ?"

ಸಾಮಾನಿಗೆ ಚೀಟಿ ಅಂಟಿಸುತ್ತಿದ್ದ ಉಜ್ವಲಾ ತಲೆ ಎತ್ತಲಿಲ್ಲ. "ಚಹಾ ಅಂದ್ರ ನಿಮಗ ಕೇಳತೈತಿ, ಕೆಲಸ ಅಂದ್ರ ಕಿವುಡು. ಹೋಗ್ರಿ, ಬಿಸಲು ಏರೇತಿ."

ಒಳಗೆ ನಡುಹಗಲಲ್ಲೂ ಕತ್ತಲೆ. ಬಾವಲಿಯ ಹಿಕ್ಕೆ, ಹಸಿ ಸುಣ್ಣದ ವಾಸನೆ. ನೂರು ವರ್ಷ ಹಳೆಯ ಗೋಡೆಯಲ್ಲಿ ಸುಣ್ಣ ಹಸಿಯಿರುವುದೇಕೆಂದು ಕಾಂತೇಶ ಯೋಚಿಸಲಿಲ್ಲ. ಗ್ಯಾಲರಿಗೆ ಬಂದ. ಕೆಳಗೆ ಮೂವತ್ತು ವ್ಯಾಪಾರಿಗಳು.

"ಸಾಗುವಾನಿ ಮೆಟ್ಟಿಲು. ಏಕ ವಾರ. ದೋನ ವಾರ."

ಮೂರನೆಯದು ಬರಲಿಲ್ಲ. ನಾಲಿಗೆಯ ಮೇಲೆ ಸುಣ್ಣದ ರುಚಿ. ಬೆನ್ನ ಹಿಂದಿನ ಗೋಡೆಯೊಳಗಿಂದ ಅವನದೇ ದನಿ ಕೂಗಿತು.

"ಉಜ್ವಲಾ. ಏಕ ವಾರ."

ವ್ಯಾಪಾರಿಗಳು ನಕ್ಕರು. ಉಜ್ವಲಾಳ ಕೈಯಿಂದ ಚೀಟಿಗಳು ಉದುರಿದವು. ಓ ಎಂದಳು. ಬಾಗಿಲ ಕಡೆ ನಡೆದಳು. ರೆಪ್ಪೆ ಬಡಿಯಲಿಲ್ಲ.

"ದೋನ ವಾರ."

"ಇಳೀರಿ," ಸಾತಲಿಂಗಪ್ಪ ಕೆಳಗಿನಿಂದ ಕೂಗಿದ. "ಮೂರನೇದು ಬರೂದ್ರಾಗ ಇಳದ್ರ ದನಿ ನಿಮಗ ವಾಪಸ್ ಬರತೈತಿ. ಸಾಹೇಬನೂ ಹಂಗ ಇಳದು ದನಿ ಉಳಿಸ್ಕೊಂಡ, ಹೇಂತಿನ್ನ ಕಳಕೊಂಡ."

ಅವಳ ಒಂದು ಕಾಲು ಹೊಸ್ತಿಲ ಒಳಗೆ. ಸೆರಗು ಕತ್ತಲೆಗೆ ಸೇರಿತು. ಕಾಂತೇಶ ಇಳಿಯಲಿಲ್ಲ. ಗೋಡೆಗೆ ಮುಖ ಮಾಡಿದ. ಬಲಗೈ ಎತ್ತಿದ.

ಲಿಲಾವಿನಲ್ಲಿ ಎತ್ತಿದ ಕೈ ಕೊಳ್ಳುವವನ ಮಾತು. ಗೋಡೆಯಲ್ಲಿದ್ದುದು ಅವನದೇ ದನಿ. ಇಷ್ಟು ವರ್ಷ ಒಂದೇ ಒಂದು ಎತ್ತಿದ ಕೈಯನ್ನೂ ಅದು ದಾಟಿ ಹೋಗಿರಲಿಲ್ಲ. ದನಿ ತಡೆಯಿತು.

"ಎಷ್ಟಕ್ಕ?"

ಅವನು ತನ್ನ ಗಂಟಲು ಮುಟ್ಟಿ ತೋರಿಸಿದ.

ಗೋಡೆ ಆ ಬೆಲೆಗೆ ಒಪ್ಪಿ ಕೂಗಿತು.

"ತೀನ ವಾರ."

ಉಜ್ವಲಾ ಹೊಸ್ತಿಲ ಮೇಲೆ ಕುಸಿದು ಕೂತು ನೀರು ಕೇಳಿದಳು.

ಅವಳು ಉಳಿದಳು. ಕಾಂತೇಶ ಆಮೇಲೆ ಮಾತಾಡಲಿಲ್ಲ. ಅಕ್ಕಲಕೋಟದ ಲಿಲಾವುಗಳನ್ನು ಈಗ ಬೇರೊಬ್ಬ ಕೂಗುತ್ತಾನೆ.