ಹಾಜರಿ ಪುಸ್ತಕದ ಎರಡನೇ ನಂಬರು

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ಬಂದಾಕೆ ಶಾಲಾ ಶಿಕ್ಷಕಿ. ಕುರ್ಚಿ ತೋರಿಸಿದರೂ ಕೂರಲಿಲ್ಲ. ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು; ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಠಾಣೆಯ ರೈಟರ್ ಮೊದಲ ಪುಟ ಓದಿ, ಬಂದ ನಗುವನ್ನು ನುಂಗಿಕೊಂಡು, ಇನ್‌ಸ್ಪೆಕ್ಟರ್ ಮೇಡಂ ಕಡೆ ತಿರುಗಿದ.

"ಕ್ಯೂನಲ್ಲಿದ್ದ ಜಾಗ ಹೋಯ್ತು ಅಂತ ಬರೆದಿದ್ದಾರೆ ಮೇಡಂ."

"ಎರಡನೇ ಪುಟಾನೂ ಓದು."

ಎರಡನೇ ಪುಟಕ್ಕೆ ರೈಟರನ ನಗು ಇಳಿಯಿತು. ಶಿಕ್ಷಕಿಯ ಅಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಶುಕ್ರವಾರ ಸಂಜೆ ಏಳಕ್ಕೆ ಕ್ರೀಡಾಂಗಣದಲ್ಲಿದ್ದ ರಾಕ್ ಸಂಗೀತ ಕಾರ್ಯಕ್ರಮಕ್ಕೆ ಬುಧವಾರದಿಂದಲೇ ದಕ್ಷಿಣದ ಗೇಟಿನ ಮುಂದೆ ಕಾದು ಕೂತಿದ್ದ. ಎಪ್ಪತ್ತು ಸಾವಿರ ಜನ ಸೇರುವ ಕಡೆ ಅವನದು ಒಂದನೇ ನಂಬರು. ಶುಕ್ರವಾರ ಸಂಜೆ ನಾಲ್ಕೂವರೆಗೆ ಗೇಟು ತೆರೆದು ಸಾಲು ಒಳಗೆ ಹೋದ ಮೇಲೆ, ಮುಚ್ಚಿದ ಟಿಕೆಟ್ ಕೌಂಟರಿನ ಹಿಂದೆ ಅವನು ಪ್ರಜ್ಞೆ ತಪ್ಪಿ ಬಿದ್ದದ್ದು ಕಸ ಗುಡಿಸುವಾಕೆಗೆ ಕಂಡಿತು. ರಕ್ತದಲ್ಲಿ ನಿದ್ದೆ ಮಾತ್ರೆಯ ಅಂಶವಿತ್ತು. ಒಂಬತ್ತು ಗಂಟೆಯಷ್ಟು ಹೊತ್ತು ಬಲಗಾಲು ಮೆಟ್ಟಿಲ ಅಂಚಿನ ಮೇಲೆ ಮಡಚಿ ಮೈಯಡಿ ಸಿಕ್ಕಿಕೊಂಡಿತ್ತು. ಈಗ ಎಚ್ಚರವಾಗಿದೆ. ಮೊಣಕಾಲಿನ ಕೆಳಗೆ ಸ್ಪರ್ಶ ಮಾತ್ರ ಬಂದಿಲ್ಲ.

"ಕಂಬ ಹತ್ತೋ ಕಾಲು ಅದು," ಎಂದಳು ಶಿಕ್ಷಕಿ. "ಯಾರು ಮಾಡಿದ್ದು ಅಂತ ಗೊತ್ತಾಗಬೇಕು ನಂಗೆ. ಅಷ್ಟೇ."

ಹನ್ನೊಂದಕ್ಕೆ ಎಫ್ಐಆರ್ ದಾಖಲಾಯಿತು. ಇಪ್ಪತ್ತಾರು ವರ್ಷ ದೂರು ಕೇಳಿ ಕೇಳಿ ಇನ್‌ಸ್ಪೆಕ್ಟರ್ ಮೇಡಂ ಮನಸ್ಸು ಜಡ್ಡುಗಟ್ಟಿತ್ತು. ಮೊದಮೊದಲು ಅದಕ್ಕೆ ನಾಚಿಕೆಯಾಗುತ್ತಿತ್ತು. ಈಗ ಅದೂ ಇಲ್ಲ; ಬಂದದ್ದನ್ನು ಬರೆದುಕೊಳ್ಳುವುದು, ಮುಂದಕ್ಕೆ ಹೋಗುವುದು.

ಹನ್ನೆರಡೂಕಾಲಿಗೆ ಸ್ಥಳ ಪಂಚನಾಮೆ. ಕ್ರೀಡಾಂಗಣದ ಕಾವಲುಗಾರ ಮತ್ತು ಪಕ್ಕದ ಅಂಗಡಿಯವನು ಪಂಚ ಸಾಕ್ಷಿಗಳು. ಫುಟ್‌ಪಾತಿನ ಮೇಲೆ ಚಪ್ಪಟೆಯಾದ ರಟ್ಟಿನ ಡಬ್ಬಗಳು, ಹರಿದ ಪ್ಲಾಸ್ಟಿಕ್ ಹಾಳೆಗಳು, ಮುನ್ನೂರಕ್ಕೂ ಹೆಚ್ಚು ಕಾಗದದ ಲೋಟಗಳು. ಲೈನ್‌ಮ್ಯಾನ್ ಕುಡಿದ ಲೋಟ ಇದರಲ್ಲಿ ಯಾವುದೆಂದು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ಆದರೂ ಅಷ್ಟನ್ನೂ ಚೀಲಕ್ಕೆ ತುಂಬಿ ಸೀಲು ಮಾಡಿಸಿದಳು.

ಎರಡು ಗಂಟೆಗೆ ಆಸ್ಪತ್ರೆ. ಡಾಕ್ಟರ್ ಲೈನ್‌ಮ್ಯಾನ್‌ನ ಅಂಗಾಲಿನ ಬಳಿ ಸೂಜಿ ಹಿಡಿದು ನಿಂತಿದ್ದರು.

"ಚುಚ್ಚಿ ಡಾಕ್ಟ್ರೇ, ಯಾಕೆ ಕಾಯ್ತಿದ್ದೀರಿ?" ಎಂದ ಅವನು, ಸೂರು ನೋಡುತ್ತಾ.

ಡಾಕ್ಟರ್ ಆಗಲೇ ಮೂರು ಸಲ ಚುಚ್ಚಿಯಾಗಿತ್ತು. ಸೂಜಿ ಒಳಗಿಟ್ಟು ಹೋದರು.

"ಕೊನೇಲಿ ಏನು ಕುಡಿದ್ರಿ?" ಇನ್‌ಸ್ಪೆಕ್ಟರ್ ಕೇಳಿದಳು.

"ಕಾಫಿ. ಬೆಳಿಗ್ಗೆ ಆರರ ಹಾಜರಿ ಆದ್ಮೇಲೆ."

"ಯಾರು ಕೊಟ್ರು?"

"ಫ್ಲಾಸ್ಕ್ ಸಾಲಲ್ಲಿ ಓಡಾಡ್ತಾ ಇರುತ್ತೆ. ಯಾರು ಬಗ್ಗಿಸಿದ್ರು ಅಂತ ನೋಡ್ಲಿಲ್ಲ."

"ಜೇಬಲ್ಲಿದ್ದ ಫೋನು, ಟಿಕೆಟ್ಟು?"

"ಎಲ್ಲಾ ಇತ್ತು. ನಂಬರ್ ಒಂದು ಬಿಟ್ಟು."

"ಹಾಜರಿ ಅಂದ್ರೇನು?"

ಅವನು ವಿವರಿಸಿದ. ಮೊದಲೇ ಬಂದು ಕಾಯುವ ಅಭಿಮಾನಿಗಳು ತಮ್ಮ ಸಾಲನ್ನು ತಾವೇ ಕಾಯುತ್ತಾರೆ. ಎಡಗೈ ಮೇಲೆ ಶಾಯಿಯಲ್ಲಿ ನಂಬರು. ಮೂರು ಗಂಟೆಗೊಮ್ಮೆ ಹಾಜರಿ. ನಂಬರು ಕೂಗಿದಾಗ ಎದ್ದು ಬಂದು ಕೈ ತೋರಿಸಬೇಕು. ಮೂರು ಸಲ ಕೂಗಿದರೂ ಬಾರದವನ ನಂಬರು ಹೊಡೆದುಹಾಕಿ, ಹಿಂದಿನವರೆಲ್ಲ ಒಂದೊಂದು ಮುಂದೆ ಬರುತ್ತಾರೆ. ಒಂದನೇ ನಂಬರಿನವನಿಗೆ ವೇದಿಕೆಯ ನಟ್ಟನಡುವೆ, ಕಬ್ಬಿಣದ ಕಂಬಿಗೆ ಎದೆ ತಾಗಿಸಿ ನಿಲ್ಲುವ ಜಾಗ. ದೊಡ್ಡ ಸ್ಪೀಕರುಗಳು ಆ ಒಂದೇ ಜಾಗದ ಕಂಬಿಯ ಕೆಳಗೆ. ಸಾಲಿನ ಹಾಜರಿ ಪುಸ್ತಕ ಹಿಡಿಯುವವನಿಗೆ ಈ ಸಲ ಎರಡನೇ ನಂಬರು. ಇಪ್ಪತ್ತು ವರ್ಷದಿಂದ ಪ್ರತಿ ಕಾರ್ಯಕ್ರಮಕ್ಕೂ ಅವನದೇ ಪುಸ್ತಕ; ಎಲ್ಲರ ಬಾಯಲ್ಲೂ ಅವನು ಹಾಜರಿಯಣ್ಣ.

"ಅವನೇ ಅಲ್ವಾ ಮೇಡಂ?" ಎಂದ ರೈಟರ್ ಜೀಪಿನಲ್ಲಿ. "ಒಂದು ಹೋದ್ರೆ ಎರಡಕ್ಕೆ ತಾನೇ ಲಾಭ?"

"ನಿನಗೂ ಗೊತ್ತು, ನಂಗೂ ಗೊತ್ತು. ಕೋರ್ಟಿಗೆ ಗೊತ್ತಾಗೋಕೆ ಕಾಗದ ಬೇಕು."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಜರಿಯಣ್ಣನ ಮನೆ. ಒಂದೇ ಕೋಣೆ, ಕಬ್ಬಿಣದ ಮಂಚ, ಗೋಡೆ ತುಂಬ ಹಳೆಯ ಟಿಕೆಟ್ಟುಗಳು. ವಯಸ್ಸು ನಲವತ್ತೆಂಟು, ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರ ನಡೆಸುವವನು. ಎಡಗೈ ಮೇಲೆ ಎರಡು ಎಂಬ ಅಂಕಿಗೆ ಗೀಟೆಳೆದು ಪಕ್ಕದಲ್ಲಿ ಒಂದು ಎಂದು ಬರೆದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಇನ್‌ಸ್ಪೆಕ್ಟರ್ ಬೇಕಾದಷ್ಟು ನೋಡಿದ್ದಳು. ಇವನು ಕೈಯನ್ನೂ ಮುಚ್ಚಿಕೊಳ್ಳಲಿಲ್ಲ.

"ಶುಕ್ರವಾರ ಒಂಬತ್ತರ ಹಾಜರಿಗೆ ಒಂದನೇ ನಂಬರ್ ಬಂದಿದ್ನಾ?"

"ಇಲ್ಲ. ಮೂರು ಸಲ ಕೂಗಿದೆ. ಹೊಡೆದುಹಾಕಿದೆ."

ಅವಳು ಗೋಡೆಯ ಟಿಕೆಟ್ಟುಗಳತ್ತ ತಿರುಗಿ ಕೇಳಿದಳು. "ಹುಡುಕೋಕೆ ಹೋಗ್ಲಿಲ್ವಾ?"

ಉತ್ತರವಿಲ್ಲ. ಅವಳು ಮತ್ತೆ ಅವನ ಕಡೆ ಮುಖ ಮಾಡಿದಾಗ, ಅವನ ಕಣ್ಣು ಅವಳ ತುಟಿಗಳ ಮೇಲಿತ್ತು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು.

"ಹುಡುಕೋ ನಿಯಮ ಇಲ್ಲ ಮೇಡಂ," ಎಂದ.

ಪುಸ್ತಕ ಕೇಳಿದ್ದಕ್ಕೆ ತಕ್ಷಣ ತೆಗೆದುಕೊಟ್ಟ. ಜಪ್ತಿ ಪತ್ರಕ್ಕೆ ಸಹಿ ಮಾಡುವಾಗ, ಪುಟಗಳ ಮೂಲೆ ಮಡಚಬೇಡಿ ಎಂದು ರೈಟರನಿಗೆ ಎಚ್ಚರಿಕೆ ಬೇರೆ ಹೇಳಿದ.

ಮಧ್ಯಾಹ್ನವೆಲ್ಲ ಅವಳು ಆ ಪುಸ್ತಕ ಓದಿದಳು. ಇನ್ನೂರ ಹನ್ನೆರಡು ಜನ, ಮೂರು ದಿನ. ಸಾಲು ಬಿಟ್ಟು ಹೋದ ಪ್ರತಿಯೊಬ್ಬರ ಮುಂದೆ ಕಾರಣ ಮತ್ತು ಸಮಯ: ಶೌಚಾಲಯ, ಫೋನ್ ಚಾರ್ಜು, ಹೆಂಡತಿ ಕರೆದಳು. ಅವಳ ಠಾಣೆಯ ಡೈರಿ ಕೂಡ ಇಷ್ಟು ಚೊಕ್ಕವಾಗಿರಲಿಲ್ಲ. ಅದನ್ನು ರೈಟರನಿಗೆ ಹೇಳಿಯೂ ಹೇಳಿದಳು. ಗುರುವಾರದ ಪುಟದಲ್ಲಿ ಅವಳ ಬೆರಳು ನಿಂತಿತು.

ನಂ. 2. ಸಂಜೆ 5.40ರಿಂದ 5.58. ಔಷಧಿ ಅಂಗಡಿ.

"ಇದನ್ನ ಅವನೇ ಬರೆದ್ನಾ?" ರೈಟರ್ ಬಾಯಿ ತೆರೆದ. "ತನ್ನ ಗುಂಡಿ ತಾನೇ ತೋಡಿಕೊಂಡನಲ್ಲ! ಶೌಚಾಲಯ ಅಂತ ಬರೆದಿದ್ರೆ ಮುಗೀತಿತ್ತು."

"ಈ ಪುಸ್ತಕದಲ್ಲಿ ಸುಳ್ಳು ಬರೆಯೋಕೆ ಅವನ ಕೈ ಬರಲ್ಲ ಕಣೋ. ಬರೋ ಹಾಗಿದ್ರೆ ಒಂದನೇ ನಂಬರನ್ನ ಸುಮ್ನೆ ಹೊಡೆದುಹಾಕ್ತಿದ್ದ. ಮಾತ್ರೆ ಯಾಕೆ ಬೇಕಿತ್ತು?"

ಸೋಮವಾರ ಹತ್ತು ಗಂಟೆಗೆ ಗೇಟಿನ ಹಿಂದಿನ ರಸ್ತೆಯ ಔಷಧಿ ಅಂಗಡಿಯಲ್ಲಿ ಇನ್ನೊಂದು ಪುಸ್ತಕ ಸಿಕ್ಕಿತು. ಗುರುವಾರ 5.52ಕ್ಕೆ ನಿದ್ದೆ ಮಾತ್ರೆ, ಹತ್ತು. ಜೊತೆಗೆ ಹಾಜರಿಯಣ್ಣನ ಹೆಸರಿಗಿದ್ದ ಕಿವಿ ಡಾಕ್ಟರರ ಚೀಟಿಯ ನಕಲು. ಎರಡೂ ಕಿವಿಯ ನರ ಸಾಯುತ್ತಾ ಬಂದಿದೆ, ಕಿವಿಯಲ್ಲಿ ಎಡೆಬಿಡದ ಗುಂಯ್‌ಗುಡುವಿಕೆಯಿಂದ ನಿದ್ರೆ ಇಲ್ಲ ಎಂದು ಅದರಲ್ಲಿತ್ತು.

ಮೂರೂವರೆಗೆ ಕಾರ್ಖಾನೆ. ಯಂತ್ರಗಳು ತಗಡಿಗೆ ಬಡಿಯುವ ಸದ್ದಿಗೆ ರೈಟರ್ ಕಿವಿ ಮುಚ್ಚಿಕೊಂಡ. ಹಾಜರಿಯಣ್ಣ ಅವರನ್ನು ನೋಡಿ ಯಂತ್ರ ನಿಲ್ಲಿಸಿದ, ಕೈ ಒರೆಸಿಕೊಂಡ, ಮೇಲ್ವಿಚಾರಕನ ಗಾಜಿನ ಕೋಣೆಗೆ ತಾನೇ ಮುಂದಾಗಿ ನಡೆದ. ಇನ್‌ಸ್ಪೆಕ್ಟರ್ ಅವನ ಎದುರಿಗೇ ಕೂತಳು, ತುಟಿ ಕಾಣುವ ಹಾಗೆ.

"ಎಷ್ಟು ಮಾತ್ರೆ?"

"ನಾಲ್ಕು. ನಂಗೆ ಎರಡು ತಗೊಂಡ್ರೂ ನಿದ್ದೆ ಬರಲ್ಲ."

"ಕೌಂಟರ್ ಹಿಂದೆ ಹೇಗೆ ಹೋದ?"

"ತೂಕಡಿಸ್ತಿದ್ದ. ಅಲ್ಲಿ ನೆರಳಿದೆ, ಮಲಕ್ಕೊ ಅಂದೆ."

"ಜಾಗ ಬೇಕು ಅಂತ ಕೇಳಬಹುದಿತ್ತಲ್ಲ?"

"ಕೇಳಿದ್ದೆ. ಬುಧವಾರ ಒಂದು ಸಲ, ಗುರುವಾರ ಒಂದು ಸಲ. ಕೊಡಲ್ಲ ಅಂದ. ನಂಬರ್ ಅವನದು, ನ್ಯಾಯಾನೂ ಅವನದೇ." ಅವನು ಕೈಯನ್ನು ಮೇಜಿನ ಮೇಲಿಟ್ಟ. "ಮುಂದಿನ ವರ್ಷಕ್ಕೆ ಕಿವಿ ಪೂರ್ತಿ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಈಗ್ಲೇ ಹಾಡು ಕೇಳ್ಸಲ್ಲ. ಆ ಕಂಬಿ ನಡುಗುತ್ತಲ್ಲ ಮೇಡಂ, ನಟ್ಟನಡುವೆ ನಿಂತರೆ ಎದೆಯೊಳಗೆ ಬರುತ್ತೆ. ಒಂದು ಸಲ ಸಾಕಿತ್ತು."

"ಬಂತಾ?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ಕಂಬಿ ನಡುಗ್ತು. ಕೈಗೆ ಗೊತ್ತಾಯ್ತು. ಒಳಗೆ ಏನೂ ಆಗ್ಲಿಲ್ಲ. ಪ್ರತಿ ಹಾಡಿಗೂ ಹಿಂದೆ ತಿರುಗಿ ನೋಡ್ತಿದ್ದೆ, ಎದ್ದು ಬಂದ್ನಾ ಅಂತ."

ರೈಟರ್ ಹೇಳಿಕೆಯನ್ನು ಬರೆದು ಮುಗಿಸಿದ. ಬಂಧನದ ಮೆಮೊದಲ್ಲಿ ಸಮಯ 4.20 ಎಂದು ನಮೂದಾಯಿತು. ಹಾಜರಿಯಣ್ಣ ಅದನ್ನು ಗಡಿಯಾರಕ್ಕೆ ಹೋಲಿಸಿ ನೋಡಿ, ಸಹಿ ಹಾಕಿದ.

"ಅವನು ಹೇಗಿದ್ದಾನೆ ಮೇಡಂ? ಶನಿವಾರವೇ ಮನೆಗೆ ಹೋಗಿರ್ತಾನೆ ಅಲ್ವಾ?"

ಬಹಳ ವರ್ಷಗಳ ನಂತರ ಅವಳಿಗೆ ಒಂದು ಮಾತು ಹೇಳಲು ಕಷ್ಟವಾಯಿತು.

"ಬಲಗಾಲಿಗೆ ಸ್ಪರ್ಶ ಇಲ್ಲ. ಬರುತ್ತೆ ಅಂತ ಡಾಕ್ಟ್ರು ಹೇಳ್ತಿಲ್ಲ."

"ಏನಂದ್ರಿ? ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳಿ."

ಅವನಿಗೆ ಗೊತ್ತಾಗಿತ್ತು, ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಗಿತ್ತು. ಆದರೂ ಅವಳು ಸ್ವಲ್ಪ ಮುಂದಕ್ಕೆ ಬಾಗಿ, ನಿಧಾನವಾಗಿ, ಮೊದಲಿನಿಂದ ಹೇಳಿದಳು.